ಝೀಕಾ ಮತ್ತು ಗರ್ಭಿಣಿಯರು: ಜ್ವರ ಬಾರದಿದ್ದರೆ ಮಗುವಿಗೆ ಅಪಾಯವಿಲ್ಲವೇ?

ಝೀಕಾ ವೈರಸ್ ಹೊಸದೇನಲ್ಲ. 1947ರಲ್ಲೇ ಉಗಾಂಡಾದ ಝೀಕಾ ಕಾಡಿನ ಕೋತಿಯೊಂದರಲ್ಲಿ ಅದು ಪತ್ತೆಯಾಗಿತ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡುತ್ತದೆ. ಸೋಂಕಿತರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕಂಡರೂ ಸಣ್ಣ ಜ್ವರ, ಮೈಮೇಲೆ ದದ್ದು, ಕೆಂಗಣ್ಣು, ಕೀಲುನೋವು ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತವೆ. ಹಾಗಾದರೆ ಹೆದರಿಕೆ ಏಕೆ?

2015ರಲ್ಲಿ ಈಶಾನ್ಯ ಬ್ರೆಜಿಲ್‌ನ ಆಸ್ಪತ್ರೆಗಳಲ್ಲಿ ತಲೆ ತೀರಾ ಚಿಕ್ಕದಾಗಿದ್ದ ಶಿಶುಗಳು ಒಂದರ ಹಿಂದೊಂದು ಹುಟ್ಟತೊಡಗಿದವು. ಇದಕ್ಕೆ ಮೈಕ್ರೋಸೆಫಲಿ ಎನ್ನುತ್ತಾರೆ. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿತು.

ಔಷಧದ ವದಂತಿ

ಆಗ, ಸೊಳ್ಳೆಮರಿ ಕೊಲ್ಲಲು ಕುಡಿಯುವ ನೀರಿಗೆ ಹಾಕುತ್ತಿದ್ದ ಪೈರಿಪ್ರಾಕ್ಸಿಫೆನ್ ಎಂಬ ರಾಸಾಯನಿಕವೇ ಕಾರಣ ಎಂಬ ಸುದ್ದಿ ಹಬ್ಬಿತು. ಆದರೆ ಅದನ್ನು ಬಳಸದಿದ್ದ ರೆಸಿಫೆ ನಗರದಲ್ಲೂ ಇಂಥ ಮಕ್ಕಳು ಹುಟ್ಟಿದ್ದರು. ಅದಕ್ಕೂ ಮೊದಲು, 2013-14ರಲ್ಲಿ ಝೀಕಾ ಹರಡಿದ್ದ ಫ್ರೆಂಚ್ ಪಾಲಿನೇಷ್ಯಾದ ದಾಖಲೆಗಳನ್ನು ಮತ್ತೆ ತೆರೆದಾಗ ಅಲ್ಲೂ ಮೈಕ್ರೋಸೆಫಲಿ ಹೆಚ್ಚಿದ್ದು ತಿಳಿಯಿತು.

ಪುರಾವೆ ಏನು?

ಮೈಕ್ರೋಸೆಫಲಿ ಇದ್ದ ಭ್ರೂಣದ ಮೆದುಳಿನಲ್ಲೇ ವೈರಸ್ ಸಿಕ್ಕಿತು. ಮೆದುಳಿನ ನರಕೋಶಗಳನ್ನು ಹುಟ್ಟಿಸುವ ಮೂಲಕೋಶಗಳಿಗೆ ಅದು ಲಗ್ಗೆಯಿಡುವುದನ್ನು ಪ್ರಯೋಗಾಲಯದಲ್ಲಿ ಕಂಡರು. ಈ ಕೋಶಗಳು ಸತ್ತರೆ ಮೆದುಳು ಬೆಳೆಯುವುದಿಲ್ಲ, ತಲೆಯೂ ಚಿಕ್ಕದಾಗಿಯೇ ಉಳಿಯುತ್ತದೆ. ಕೆಲವು ಮಕ್ಕಳಲ್ಲಿ ತಲೆಯ ಗಾತ್ರ ಸರಿಯಿದ್ದರೂ ದೃಷ್ಟಿ, ಶ್ರವಣದ ತೊಂದರೆಗಳಿರಬಹುದು.

ಜ್ವರವಿಲ್ಲದಿದ್ದರೆ?

"ಜ್ವರವೇ ಬಂದಿಲ್ಲ, ಮಗು ಕ್ಷೇಮ" ಎಂಬ ನಂಬಿಕೆ ತಪ್ಪು. ಲಕ್ಷಣವಿಲ್ಲದ ತಾಯಿಯಿಂದಲೂ ಸೋಂಕು ಮಗುವಿಗೆ ದಾಟಬಲ್ಲದು. ಹಾಗೆಂದು ಸೋಂಕು ತಗುಲಿದರೆ ಮಗುವಿಗೆ ತೊಂದರೆ ಖಚಿತ ಎಂದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸೋಂಕಿತ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ತೊಡಕುಗಳಾಗುತ್ತವೆ. ಮೊದಲ ಮೂರು ತಿಂಗಳಲ್ಲಿ ಅಪಾಯ ಹೆಚ್ಚು.

ನಾವೇನು ಮಾಡಬಹುದು?

ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳಲ್ಲಿ ಝೀಕಾ ದೃಢಪಟ್ಟಿತ್ತು. ಇದಕ್ಕೆ ಬಳಕೆಗೆ ಬಂದ ಲಸಿಕೆಯಾಗಲೀ ನಿರ್ದಿಷ್ಟ ಔಷಧವಾಗಲೀ ಇಲ್ಲ. ಈಡಿಸ್ ಹಗಲಲ್ಲೇ ಕಚ್ಚುವುದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ತೊಟ್ಟಿ, ಡ್ರಮ್ಮುಗಳನ್ನು ಮುಚ್ಚಿಡಬೇಕು, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆಯಬೇಕು. ಲೈಂಗಿಕ ಸಂಪರ್ಕದಿಂದಲೂ ಝೀಕಾ ಹರಡುವುದರಿಂದ, ಸೋಂಕಿರುವ ಊರಿಗೆ ಹೋಗಿಬಂದ ಗಂಡನೂ ಹೆಂಡತಿಯ ಗರ್ಭಾವಸ್ಥೆ ಮುಗಿಯುವವರೆಗೆ ಕಾಂಡೋಮ್ ಬಳಸಬೇಕು. ಸುತ್ತಮುತ್ತ ಝೀಕಾ ಪತ್ತೆಯಾಗಿದ್ದರೆ, ಜ್ವರವಿಲ್ಲದಿದ್ದರೂ ಗರ್ಭಿಣಿಯರು ವೈದ್ಯರಿಗೆ ತಿಳಿಸಿ. ಪರೀಕ್ಷೆ, ಸ್ಕ್ಯಾನಿಂಗ್ ಯಾವಾಗ ಬೇಕೆಂದು ಅವರು ನಿರ್ಧರಿಸುತ್ತಾರೆ.