ಅಮೃತಮಹಲ್

ಮೈಸೂರು ಸೀಮೆಯ ಗೋತಳಿ. ಹಳ್ಳಿಕಾರ್ ಬಳಗಕ್ಕೆ ಸೇರಿದ್ದು. ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಹುಲ್ಲುಗಾವಲುಗಳು ಇದರ ಮುಖ್ಯ ನೆಲೆಗಳಲ್ಲಿ ಸೇರಿವೆ.

ಲಕ್ಷಣ: ಬೂದು ಮೈ; ಹೋರಿಗಳ ಕತ್ತು, ಹಿಣಿಲು ಕಪ್ಪಾಗಿರುತ್ತವೆ. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟುವ ಕೊಂಬುಗಳು ಹಿಂದಕ್ಕೆ ಬಾಗಿ, ಮೇಲೆದ್ದು, ಕಪ್ಪು ಚೂಪು ತುದಿಯಲ್ಲಿ ಮುಗಿಯುತ್ತವೆ.

ಸ್ವಭಾವ: ಕಾವಲು ಎಂಬ ಮೀಸಲು ಹುಲ್ಲುಗಾವಲುಗಳ ಬಯಲಲ್ಲೇ ಬೆಳೆಯುವುದರಿಂದ ಮುಂಗೋಪ ಹೆಚ್ಚು. ಪರಿಚಿತ ದನಗಾಹಿಯ ಕೂಗಿಗೆ ಓಗೊಡುವ ಮಂದೆ ಹೊಸಬರನ್ನು ಕಂಡರೆ ಬೆದರುತ್ತದೆ, ಇಲ್ಲವೇ ಹಾಯಲು ಬರುತ್ತದೆ. ಹೋರಿಗಳನ್ನು ಪಳಗಿಸಲು ತಾಳ್ಮೆ ಬೇಕು. ಪಳಗಿದ ಎತ್ತು ವೇಗಕ್ಕೂ ದಣಿವರಿಯದ ದುಡಿಮೆಗೂ ಹೆಸರುವಾಸಿ. ಹಾಲು ಕಡಿಮೆ.

ಇತಿಹಾಸ: ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ‘ಬೆಣ್ಣೆ ಚಾವಡಿ’ಯೇ ಇದರ ಮೂಲ. ಹೈದರಾಲಿ ಈ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದ. ಟಿಪ್ಪು ಬೆಣ್ಣೆ ಚಾವಡಿ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟ. 1799ರ ಬಳಿಕ ಮಂದೆಗಳು ಬ್ರಿಟಿಷರ ಸೈನ್ಯದ ಸೇವೆಗೂ ಒದಗಿದವು. 1860ರಲ್ಲಿ ಖರ್ಚು ಉಳಿಸಲೆಂದು ಅವುಗಳನ್ನು ಮಾರಲಾಯಿತು. ಎತ್ತುಗಳ ಕೊರತೆ ತಟ್ಟಿದಾಗ 1866ರಲ್ಲಿ ಮತ್ತೆ ಕಟ್ಟಲಾಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರಲ್ಲಿ ಆರಂಭವಾಯಿತು. ಇಲ್ಲಿನ ಹೋರಿಗರುಗಳ ಹರಾಜು ಬೀರೂರಿನಲ್ಲಿ ನಡೆಯುತ್ತ ಬಂದಿದೆ. ಟ್ರಾಕ್ಟರ್ ಬಳಕೆ, ಕಾವಲು ಭೂಮಿಯ ಒತ್ತುವರಿಯಿಂದ ತಳಿಯ ಸಂಖ್ಯೆ ಕುಗ್ಗಿದೆ.