ತಂತಿ ಎಳೆದವರು, ತೆತ್ತವರು

‘ತಂತಿ ಬಂದಿದೆ’ ಎಂಬ ಮಾತು ಕಿವಿಗೆ ಬಿದ್ದರೆ ಮನೆಮಂದಿಯ ಎದೆ ಝಲ್ಲೆನ್ನುತ್ತಿದ್ದ ಕಾಲವೊಂದಿತ್ತು. ೨೦೧೩ರ ಜುಲೈ ತಿಂಗಳಲ್ಲಿ ಆ ಸೇವೆ ನಮ್ಮ ದೇಶದಲ್ಲಿ ನಿಂತುಹೋಯಿತು. ತಂತಿಯ ಜಾಗಕ್ಕೆ ಈಗ ಗಾಜಿನ ಎಳೆ ಬಂದಿದೆ. ಊರೂರಿಗೆ ಬ್ರಾಡ್‌ಬ್ಯಾಂಡ್ ಇಂಟರ್ನೆಟ್ಟನ್ನು ಒಯ್ಯಲೆಂದು ನೆಲ ಅಗೆದು ಹೂಳುತ್ತಿರುವುದು ಈ ಎಳೆಯನ್ನೇ. ಎಳೆ ಯಾವುದಾದರೇನು, ಹಳೆಯ ಪ್ರಶ್ನೆಯೊಂದು ಹಾಗೆಯೇ ಉಳಿದಿದೆ. ಲಾಭ ಕಾಣದ ಕಡೆಗೆ ತಂತಿ ಎಳೆಯುವ ಖರ್ಚನ್ನು ಯಾರು ಹೊರಬೇಕು? ಹಣ ಸಲ್ಲಬೇಕಾದುದು ಎಳೆದುದಕ್ಕೋ, ಎಳೆದದ್ದು ಕೆಲಸ ಮಾಡಿದುದಕ್ಕೋ? ಇದಕ್ಕೆ ನೂರ ಅರವತ್ತು ವರ್ಷಗಳ ಹಿಂದೆಯೇ ಒಂದು ದುಬಾರಿ ಪಾಠ ದೊರೆತಿತ್ತು.

ನಮ್ಮ ದೇಶದೊಳಗೆ ಮೊದಲ ತಂತಿಗಳನ್ನು ಹಾಕಿಸಿದ್ದು ಸರಕಾರವೇ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಓಷಾನೆಸ್ಸಿ ಎಂಬಾತನ ಪ್ರಯೋಗ ಫಲಿಸಿ, ೧೮೫೧ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ತಂತಿ ನಡೆಯಿತು. ಡಾಲ್‌ಹೌಸಿಯ ಆಡಳಿತದಲ್ಲಿ, ೧೮೫೫ರ ವೇಳೆಗೆ, ಕಲ್ಕತ್ತೆ, ಆಗ್ರಾ, ಮುಂಬಯಿ, ಮದರಾಸುಗಳು ಒಂದೇ ಹೆಣಿಗೆಗೆ ಸೇರಿದುವು. ಖರ್ಚು ಕಂಪನಿ ಸರಕಾರದ ಬೊಕ್ಕಸದ್ದು. ಎಂದರೆ ಇಲ್ಲಿಯ ರೈತ ತೆತ್ತ ಕಂದಾಯದ್ದು. ತಂತಿ ಹೋದದ್ದು ಮಾತ್ರ ದಂಡು, ಕಚೇರಿ, ಬಂದರುಗಳಿದ್ದ ಕಡೆಗೆ.

೧೮೫೭ರಲ್ಲಿ ದಂಗೆಯ ಸುದ್ದಿ ಲಂಡನ್ನಿಗೆ ಮುಟ್ಟಲು ವಾರಗಟ್ಟಲೆ ಹಿಡಿಯಿತು. ಗಾಬರಿಗೊಂಡ ಬ್ರಿಟಿಷ್ ಸರಕಾರಕ್ಕೆ ಸಮುದ್ರದ ತಳದಲ್ಲಿಯೇ ತಂತಿ ಹಾಕಿಸುವ ಆತುರ ಹುಟ್ಟಿತು. ಕೆಂಪು ಸಮುದ್ರದ ಮೂಲಕ ಸೂಯೆಜ್‌ನಿಂದ ಏಡನ್ನಿಗೂ ಅಲ್ಲಿಂದ ಕರಾಚಿಗೂ ಕೇಬಲ್ ಇಳಿಸುವ ಕಂಪನಿಯೊಂದು ಮುಂದೆ ಬಂದಿತು. ಬಂಡವಾಳ ೮ ಲಕ್ಷ ಪೌಂಡು. ಪಾಲುಗಾರರನ್ನು ಒಲಿಸಿಕೊಳ್ಳಲು ಸರಕಾರ ಒಂದು ಭರವಸೆಯನ್ನು ಬರೆದುಕೊಟ್ಟಿತು: ವರ್ಷಕ್ಕೆ ಶೇಕಡಾ ನಾಲ್ಕೂವರೆ ಲಾಭಾಂಶ, ೫೦ ವರ್ಷಗಳ ಕಾಲ. ಕೇಬಲ್ ಕೆಲಸ ಮಾಡಿದರೆ ಮಾತ್ರ ಎಂಬ ಒಂದು ಸಾಲನ್ನು ಸೇರಿಸುವುದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆತುರ ಅದನ್ನು ನುಂಗಿತು.

೧೮೫೯-೬೦ರಲ್ಲಿ ಕೇಬಲ್ ಇಳಿಯಿತು. ಅದನ್ನು ತೀರ ಬಿಗಿಯಾಗಿ ಎಳೆದುದರಿಂದ ಸಮುದ್ರತಳದ ಏರುತಗ್ಗುಗಳ ನಡುವೆ ಅದು ತೂಗುತ್ತ ನಿಂತಿತು. ಮೇಲೆ ಕಡಲಜೀವಿಗಳು ಅಂಟಿ ಬೆಳೆದು ಭಾರವಾಗಿ ಅಲ್ಲಲ್ಲಿ ತುಂಡಾಯಿತು. ಒಂದು ತುಂಡನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದು ಕೆಡುತ್ತಿತ್ತು. ಕೊನೆಗೆ ಇಡೀ ಕೇಬಲ್ಲನ್ನು ಕೈಬಿಡಬೇಕಾಯಿತು. ಆದರೆ ಭರವಸೆ ಮಾತ್ರ ತುಂಡಾಗಲಿಲ್ಲ! ವರ್ಷಕ್ಕೆ ೩೬,೦೦೦ ಪೌಂಡುಗಳಂತೆ, ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೂ, ಸತ್ತ ತಂತಿಗೆ ಬೊಕ್ಕಸದಿಂದ ಹಣ ಸಲ್ಲುತ್ತಲೇ ಇತ್ತು. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈ ಸೋಲು ವ್ಯರ್ಥವಾಗಲಿಲ್ಲ ಎಂಬುದೇನೋ ನಿಜ. ಸಮುದ್ರದ ಕೇಬಲ್ಲುಗಳು ಏಕೆ ಕೆಡುತ್ತವೆಂದು ವಿಚಾರಿಸಲು ತಜ್ಞರ ಸಮಿತಿ ಕುಳಿತು ೧೮೬೧ರಲ್ಲಿ ವರದಿ ಕೊಟ್ಟಿತು. ೧೮೬೪ರಲ್ಲಿ ಪರ್ಷಿಯಾ ಕೊಲ್ಲಿಯಲ್ಲಿ ಭಾರತ ಸರಕಾರದ ಹಣದಿಂದ ಎಚ್ಚರಿಕೆಯಾಗಿ ಹಾಕಿದ ಕೇಬಲ್ ಬಾಳಿತು. ೧೮೭೦ರಲ್ಲಿ ಸೂಯೆಜ್‌ನಿಂದ ಮುಂಬಯಿಗೆ ಖಾಸಗಿ ಕಂಪನಿಯೇ ಕೇಬಲ್ ತಂದಿತು. ಮುಂಬಯಿ-ಲಂಡನ್ನುಗಳ ನಡುವಿನ ವ್ಯಾಪಾರ ಅದರ ಖರ್ಚನ್ನು ತೂಗಿಸಬಲ್ಲುದಾಗಿತ್ತು. ವ್ಯಾಪಾರವಿದ್ದ ಕಡೆ ಸಾಹುಕಾರ, ದಂಡಿದ್ದ ಕಡೆ ಸರಕಾರ. ಎರಡೂ ಇಲ್ಲದ ಹಳ್ಳಿಗೆ?

ಆ ಪ್ರಶ್ನೆಯನ್ನು ನಮ್ಮವರು ಗಟ್ಟಿಯಾಗಿ ಕೈಗೆತ್ತಿಕೊಂಡದ್ದು ಸ್ವಾತಂತ್ರ್ಯ ಬಂದು ಮೂರು ದಶಕಗಳೇ ಕಳೆದ ಮೇಲೆ. ೧೯೮೪ರಲ್ಲಿ ‘ಸಿ-ಡಾಟ್’ ಎಂಬ ಸಂಸ್ಥೆ ಹುಟ್ಟಿತು. ನಮ್ಮ ಬಿಸಿಲು, ಧೂಳುಗಳನ್ನು ತಾಳಿಕೊಂಡು, ಹವಾನಿಯಂತ್ರಣದ ಉಪಚಾರವನ್ನು ಬೇಡದೆ ನಡೆಯುವ ಟೆಲಿಫೋನ್ ವಿನಿಮಯ ಕೇಂದ್ರವನ್ನು ಅದು ರೂಪಿಸಬೇಕಾಗಿತ್ತು. ಕೊಟ್ಟ ಹಣ ೩೬ ಕೋಟಿ ರೂಪಾಯಿ, ಗಡುವು ೩೬ ತಿಂಗಳು. ಅದರ ಪುಟ್ಟ ಗ್ರಾಮೀಣ ಕೇಂದ್ರ ೧೯೮೬ರಲ್ಲಿ ಮೊದಲು ಕೆಲಸಕ್ಕಿಳಿದದ್ದು ಬೇರೆಲ್ಲಿಯೂ ಅಲ್ಲ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿಗೆ ಇದೂ ಒಂದು ಹಿರಿಮೆಯೆಂದು ಹೇಳಬೇಕು. ಇಲ್ಲಿ ಹಣ ಸಂದದ್ದು ಕೆಲಸ ಮಾಡುವ ಯಂತ್ರಕ್ಕೆ.

ಮುಂದೆ ಖಾಸಗಿ ಕಂಪನಿಗಳು ಬಂದುವು. ನಗರಗಳಲ್ಲಿ ಸ್ಪರ್ಧೆ ಬೆಳೆಯಿತು, ದರ ಇಳಿಯಿತು. ಹಳ್ಳಿ ಹಿಂದೆ ಬಿದ್ದಿತು. ಅದಕ್ಕೆಂದು ೧೯೯೯ರ ದೂರಸಂಪರ್ಕ ನೀತಿ ಹೊಸ ದಾರಿಯೊಂದನ್ನು ತೋರಿಸಿತು. ಕಂಪನಿಗಳ ಆದಾಯದಲ್ಲಿ ಒಂದಿಷ್ಟು ಪಾಲನ್ನು, ಕೊನೆಗೆ ಶೇಕಡಾ ೫ರಂತೆ, ಹಳ್ಳಿಗಾಡಿನ ಸೇವೆಗೆ ಮೀಸಲಿಡಬೇಕು. ೨೦೦೨ರ ಏಪ್ರಿಲ್ ೧ರಿಂದ ಈ ನಿಧಿ ಜಾರಿಗೆ ಬಂದಿತು. ಕಂಪನಿ ಕೊಟ್ಟದ್ದೆಂದರೆ ಕೊನೆಗೆ ಗಿರಾಕಿ ಕೊಟ್ಟದ್ದೇ. ಪಟ್ಟಣದಲ್ಲಿ ನಾವು ತೆರುವ ಫೋನಿನ ಹಣದಲ್ಲಿ ಹಳ್ಳಿಯ ಪಾಲೂ ಇದೆ. ಇದು ಧರ್ಮವಾದ ಏರ್ಪಾಡು. ಆದರೆ ಹಣ ಮೊದಲು ಸರಕಾರದ ಸಂಚಿತ ನಿಧಿಗೆ ಸೇರಿ, ಪಾರ್ಲಿಮೆಂಟಿನ ಮಂಜೂರಾತಿ ಪಡೆದು, ಆಮೇಲೆ ಇತ್ತ ಬರಬೇಕು. ಬಂದಷ್ಟು ಹಣ ವರ್ಷವರ್ಷವೂ ಖರ್ಚಾಗಲಿಲ್ಲ. ಕಣಜ ತುಂಬಿತ್ತು, ಬಾಗಿಲು ಕಿರಿದಾಗಿತ್ತು.

೨೦೧೧ರ ಅಕ್ಟೋಬರಿನಲ್ಲಿ ಬಾಗಿಲು ದೊಡ್ಡದಾಗಿ ತೆರೆಯಿತು. ಸುಮಾರು ೨೦,೦೦೦ ಕೋಟಿ ರೂಪಾಯಿಯ ಖರ್ಚಿನಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆ ಒಯ್ಯುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮುಂದೆ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರಾಯಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾದ ಕೆಲಸದಲ್ಲಿ ಮೊದಲ ಒಂದು ಲಕ್ಷ ಪಂಚಾಯತಿಗಳು ಪೂರೈಸುವ ಹೊತ್ತಿಗೆ ೨೦೧೭ರ ಡಿಸೆಂಬರ್ ಬಂದಿತು. ತಡವಾದುದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಎಷ್ಟು ಕಿಲೋಮೀಟರು ಹೂತೆವು ಎಂಬ ಲೆಕ್ಕ ಬೆಳೆಯಿತು; ಹೂತದ್ದರಲ್ಲಿ ಎಷ್ಟು ಉಸಿರಾಡುತ್ತಿದೆ ಎಂಬ ಲೆಕ್ಕ ಹಿಂದುಳಿಯಿತು. ರಸ್ತೆ ಅಗಲ ಮಾಡುವಾಗ ಎಳೆ ಕಡಿಯುತ್ತದೆ. ಕರೆಂಟು ಹೋದರೆ ಪೆಟ್ಟಿಗೆ ಮಲಗುತ್ತದೆ. ಎಬ್ಬಿಸುವ ಹೊಣೆ ಯಾರದು?

೨೦೨೦ರಲ್ಲಿ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲ ಫೋನಿನಲ್ಲಿ ನಡೆಯಬೇಕಾದಾಗ, ಮಲೆನಾಡಿನ ನನ್ನ ವಿದ್ಯಾರ್ಥಿನಿಯೊಬ್ಬಳು ಕೊಡೆ ಹಿಡಿದು ಊರ ಹಿಂದಿನ ಗುಡ್ಡ ಹತ್ತುತ್ತಿದ್ದಳು. ಹಳಗನ್ನಡದ ಪದ್ಯದ ಅರ್ಥ ಅರ್ಧ ಕೇಳುವುದು, ಅರ್ಧ ಗಾಳಿಗೆ ಹೋಗುವುದು. ‘ನಮ್ಮ ಪಂಚಾಯತಿಗೆ ಕೇಬಲ್ ಬಂದಿದೆ ಸರ್, ಪೆಟ್ಟಿಗೆಯಲ್ಲಿ ದೀಪ ಹತ್ತುವುದಿಲ್ಲ ಅಷ್ಟೆ’ ಎಂದಿದ್ದಳು. ಆ ‘ಅಷ್ಟೆ’ಯಲ್ಲಿ ಕೆಂಪು ಸಮುದ್ರದ ಕಥೆಯೆಲ್ಲ ಅಡಗಿದೆ.

೨೦೨೧ರಲ್ಲಿ ಕರ್ನಾಟಕವೂ ಸೇರಿ ೧೬ ರಾಜ್ಯಗಳಲ್ಲಿ ಈ ಕೆಲಸವನ್ನು ಖಾಸಗಿಯವರ ಪಾಲುಗಾರಿಕೆಯಲ್ಲಿ ನಡೆಸಲು, ನಷ್ಟ ತುಂಬಿಕೊಡುವುದಾಗಿ ಹೇಳಿ, ಟೆಂಡರು ಕರೆದರು. ಹಿಡಿಯಲು ಯಾರೂ ಮುಂದೆ ಬರಲಿಲ್ಲ. ೨೦೨೩ರ ಆಗಸ್ಟಿನಲ್ಲಿ ೧,೩೯,೫೭೯ ಕೋಟಿ ರೂಪಾಯಿಯ ಹೊಸ ಏರ್ಪಾಡಿಗೆ ಒಪ್ಪಿಗೆ ದೊರೆಯಿತು. ಮೊತ್ತಕ್ಕಿಂತ ಮುಖ್ಯವಾದ ಸಂಗತಿಯೊಂದು ಅದರಲ್ಲಿದೆ: ಎಳೆ ಹಾಕುವವರೇ ಹತ್ತು ವರ್ಷ ಅದನ್ನು ನಡೆಸಿ ಕಾಪಾಡುವ ಹೊಣೆಯನ್ನೂ ಹೊರಬೇಕು.

ಇದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಕನ್ನಡ ಶಾಸನಗಳನ್ನು ನೋಡಿದವರಿಗೆ ‘ಬಿತ್ತುವಟ್ಟ’ ಎಂಬ ಮಾತು ಗೊತ್ತು. ಕೆರೆ ಕಟ್ಟಿಸಿದವನು ಅಲ್ಲಿಗೇ ಕೈತೊಳೆದುಕೊಳ್ಳುತ್ತಿರಲಿಲ್ಲ. ಹೂಳು ತೆಗೆಯಲು, ಏರಿಯನ್ನು ಭದ್ರಪಡಿಸಲು ಭೂಮಿಯನ್ನೂ ಬಿಟ್ಟುಕೊಡುತ್ತಿದ್ದನು. ಕಟ್ಟುವುದು ಒಂದು ದಾನವಾದರೆ ಕಾಯುವುದು ಇನ್ನೊಂದು. ಗಾಜಿನ ಎಳೆಗೂ ಬಿತ್ತುವಟ್ಟ ಬೇಕು. ಪಟ್ಟಣದಲ್ಲಿದ್ದು ನಮ್ಮ ಪಾಲನ್ನು ತೆರುತ್ತಿರುವ ನಾವು ಕೇಳಬೇಕಾದುದು ಎಷ್ಟು ಉದ್ದ ಹೂತಿರಿ ಎಂದಲ್ಲ. ಇಂದು ಬೆಳಗ್ಗೆ ಆ ಪೆಟ್ಟಿಗೆಯಲ್ಲಿ ದೀಪ ಹತ್ತಿದೆಯೇ ಎಂದು.