ಜೈನ ಆಕರಗಳಲ್ಲಿ ಬೇಂಟೆ: ತೊಗರ್ಸಿ ಸೀಮೆಯಿಂದೊಂದು ನೋಟ

ಶಿಕಾರಿಪುರ ತಾಲೂಕಿನ ತೊಗರ್ಸಿ, ಬಂದಳಿಕೆ, ಬಳ್ಳಿಗಾವೆಗಳಿಂದ ಸೊರಬ ತಾಲೂಕಿನ ಕುಪ್ಪಟೂರು, ಉದ್ಧರೆ, ಹಿರೇಆವಲಿಗಳವರೆಗೆ ಹಬ್ಬಿರುವ ನಾಡು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದುದು. ಬನವಾಸಿ ಪನ್ನಿರ್ಛಾಸಿರದ ಈ ಭಾಗದ ಶಾಸನಗಳನ್ನು ಬಿ. ಎಲ್. ರೈಸರು 1902 ಮತ್ತು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ಇಲ್ಲಿಯ ಜೈನ ಪರಂಪರೆ ಎಷ್ಟು ಹಳೆಯದೆಂಬುದಕ್ಕೆ ಬಂದಳಿಕೆಯ ಜಕ್ಕಿಯಬ್ಬೆಯೊಬ್ಬಳೇ ಸಾಕ್ಷಿ ಸಾಕು. ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನವನ್ನು ವಹಿಸಿಕೊಂಡ ಆಕೆ 10ನೆಯ ಶತಮಾನದ ಆರಂಭದಲ್ಲಿ ಸಲ್ಲೇಖನ ವಿಧಿಯಿಂದ ದೇಹವನ್ನು ತೊರೆದಳು. ಹಿರೇಆವಲಿಯ ನಿಷಿಧಿ ಕಲ್ಲುಗಳ ಸಾಲನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಕಾಗದು.

ಹೀಗಿದ್ದೂ ಈ ಸೀಮೆಯ ತಾಲೂಕು ಪಟ್ಟಣವು ಹೊತ್ತಿರುವುದು ಬೇಟೆಯ ಹೆಸರನ್ನು. ಮಳಿಯನಹಳ್ಳಿ ಎಂಬ ಗ್ರಾಮವು ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವಾಗಿ, ಹೈದರನ ಅಥವಾ ಟಿಪ್ಪುವಿನ ಕಾಲದಲ್ಲಿ ಇಲ್ಲಿ ನಡೆದ ಬೇಟೆಯಲ್ಲಿ ಮೃಗಗಳು ಹೇರಳವಾಗಿ ದೊರೆತುದರಿಂದ ಶಿಕಾರಿಪುರವಾಯಿತೆಂದು ಗೆಜೆಟಿಯರು ಹೇಳುತ್ತದೆ. ದಾನದ ಹೆಸರು ಹೋಗಿ ಪಾರಸಿಯ ಬೇಟೆಯ ಹೆಸರು ನಿಂತಿತು. ಈ ನೆಪದಿಂದ, ಬೇಟೆಯನ್ನು ಕುರಿತು ನಮ್ಮ ಜೈನ ಆಕರಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೇಟೆಯ ಅಪಾಯವನ್ನು ಮೊದಲು ನೋಡೋಣ. ಮಲೆನಾಡಿನಲ್ಲಿ ಹಳು ನುಗ್ಗಿ ಮೃಗವನ್ನು ಎಬ್ಬಿಸುವ ಸೋಹು, ನೀರಿನ ಅಥವಾ ಹಣ್ಣಿನ ಮರದ ಬಳಿ ಕಾದು ಕೂರುವ ಮರಸು, ಸಾಕಿದ ಮೃಗವನ್ನು ಮುಂದೊಡ್ಡಿ ಕಾಡಿನ ಮೃಗವನ್ನು ಸೆಳೆಯುವ ದೀಹ, ಇವೆಲ್ಲ ಇದ್ದವು. ಆದರೆ ಸಾವು ಸಾಮಾನ್ಯವಾಗಿ ಬರುತ್ತಿದ್ದುದು ಇವುಗಳಲ್ಲಿ ಅಲ್ಲ; ಗಾಯಗೊಂಡ ಮೃಗವನ್ನು ಹಳುವಿನೊಳಕ್ಕೆ ಹಿಂಬಾಲಿಸಿ ಹೋದಾಗ. ಹಂದಿಯು ಈ ವಿಷಯದಲ್ಲಿ ಹುಲಿಗೆ ಕಡಿಮೆಯದಲ್ಲ. ಹುಲಿಯೊಡನೆ, ಹಂದಿಯೊಡನೆ ಹೋರಾಡಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದ ಹಲವೆಡೆ ಇವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೈವಸನ್ನಿಧಿ ಎಂಬುದು ಅವುಗಳ ರೂಢಿಯ ವಿನ್ಯಾಸ. ಇತ್ತೀಚಿನವರೆಗೂ ಈ ಭಯ ಮಾಸಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಚೋರಡಿಯ ನರಭಕ್ಷಕನ ಕಥೆಯನ್ನು ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದು ದೂರದೂರದ ಓದುಗರಿಗೆ ಮುಟ್ಟಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ಅಧ್ಯಾಯ ಮುಗಿಯಿತು.

ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ರಾಜವ್ಯಸನಗಳನ್ನು ತೂಗಿ ನೋಡುವಾಗ ಮೃಗಯೆಯ ಪರವಾಗಿಯೇ ನಿಲ್ಲುತ್ತಾನೆ: ದೇಹಕ್ಕೆ ವ್ಯಾಯಾಮವಾಗುತ್ತದೆ, ಕೊಬ್ಬು ಕರಗುತ್ತದೆ, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವಾಗುತ್ತದೆ, ಮೃಗಗಳ ಮನಸ್ಸು ತಿಳಿಯುತ್ತದೆ ಎಂದು. ಶ್ರಾವಕಾಚಾರಗಳು ಈ ಲೆಕ್ಕವನ್ನೇ ಒಪ್ಪುವುದಿಲ್ಲ. ಸಪ್ತವ್ಯಸನಗಳಲ್ಲಿ ಪಾಪರ್ಧಿಯೆಂಬ ಹೆಸರಿನಿಂದ ಬೇಟೆ ಸೇರಿದೆ. ವಸುನಂದಿಯು ಅದಕ್ಕೆ ಉದಾಹರಣೆಯಾಗಿ ಬ್ರಹ್ಮದತ್ತ ಚಕ್ರವರ್ತಿಯನ್ನು ಹೆಸರಿಸುತ್ತಾನೆ. ಬೇಟೆಗಾರನು ಹುಲಿಯ ಉಗುರಿಗೆ ಸಿಕ್ಕದೆ ಕ್ಷೇಮವಾಗಿ ಮನೆಗೆ ಬಂದರೂ ಅವನ ಅಪಾಯ ತಪ್ಪಿತೆಂದು ಇಲ್ಲಿ ಯಾರೂ ಹೇಳುವುದಿಲ್ಲ.

ಆದರೂ ಜೈನ ಕವಿಗಳಿಗೆ ಬೇಟೆಯ ಪರಿಚಯವಿರಲಿಲ್ಲವೆಂದಾಗಲಿ, ಅವರು ಅದನ್ನು ದೂರವಿಟ್ಟರೆಂದಾಗಲಿ ತಿಳಿಯುವುದು ತಪ್ಪು. ದಂಡಿಯು ಎಣಿಸುವ ಹದಿನೆಂಟು ವರ್ಣನೆಗಳಲ್ಲಿ ಮೃಗಯೆಯಿಲ್ಲ. ಅದನ್ನು ಬಿಟ್ಟಿದ್ದರೆ ಲಾಕ್ಷಣಿಕರು ಆಕ್ಷೇಪಿಸುತ್ತಿರಲಿಲ್ಲ. ಹಾಗಿದ್ದೂ ಪಂಪನ ವಿಕ್ರಮಾರ್ಜುನವಿಜಯದಲ್ಲಿ ಬೇಂಟೆಯ ವರ್ಣನೆ ವಿಸ್ತಾರವಾಗಿಯೇ ಬಂದಿದೆ. ಬೇಟೆಗಾರರ ನಡುವೆ ಓಡಾಡಿದವನಿಗಲ್ಲದೆ ಅಂತಹ ಬರವಣಿಗೆ ಸಾಧ್ಯವಿಲ್ಲವೆಂದು ನನ್ನ ಅಭಿಪ್ರಾಯ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ರಾಜವಿನೋದವೆಂದು ಶಾಸ್ತ್ರೀಕರಿಸಿದನು. ಕನ್ನಡದಲ್ಲಿ ಬೇಟೆಯ ಮಾತುಗಳನ್ನು ಉಳಿಸಿದ್ದು ಅದಕ್ಕೂ ಮೊದಲೇ ಬರೆದ ಜೈನ ಕವಿಗಳು.

ಬೇಟೆಯ ನಿಜವಾದ ಅಪಾಯ ಯಾವುದೆಂಬುದನ್ನು ತೋರಿಸಿದ್ದು ಯಶೋಧರನ ಕಥೆ. ಜನ್ನನು 1209ರಲ್ಲಿ ಇದನ್ನು ಕನ್ನಡಕ್ಕೆ ತಂದನು. ಹಿಟ್ಟಿನ ಕೋಳಿಯ ಬಲಿಯಿಂದ ಸಂಕಲ್ಪಹಿಂಸೆಗೆ ಗುರಿಯಾದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿ ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಧರ್ಮವನ್ನು ಕೇಳಿ ಸಂತೋಷದಿಂದ ಕೂಗಿದ ಆ ಕೋಳಿಗಳನ್ನು, ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲೆಂದು, ರಾಜನಾದ ಯಶೋಮತಿ ಎಚ್ಚು ಕೊಲ್ಲುತ್ತಾನೆ. ಗುರಿ ತಪ್ಪಲಿಲ್ಲ. ಸತ್ತವರು ಮಾತ್ರ ಅವನ ತಂದೆ ಮತ್ತು ಅಜ್ಜಿ. ಮುಂದೆ ಅದೇ ರಾಜನು ಬೇಟೆಗೆ ಹೊರಟಾಗ ಎದುರಾದ ಸುದತ್ತಾಚಾರ್ಯರ ಮೇಲೆ ಬೇಟೆನಾಯಿಗಳನ್ನು ಬಿಡುತ್ತಾನೆ. ನಾಯಿಗಳು ಮುನಿಗೆ ಎರಗದೆ ಬಾಗುತ್ತವೆ. ಶ್ರೇಣಿಕನು ಯಶೋಧರ ಮುನಿಯ ಮೇಲೆ ಐನೂರು ನಾಯಿಗಳನ್ನು ಬಿಟ್ಟು, ಸತ್ತ ಹಾವನ್ನು ಕೊರಳಿಗೆ ಹಾಕಿ ಏಳನೆಯ ನರಕದ ಆಯುಷ್ಯವನ್ನು ಕಟ್ಟಿಕೊಂಡ ಕಥೆಯೂ ಇದೇ ಜಾತಿಯದು. ಮೃಗವು ತಿಳಿದುದನ್ನು ಬೇಟೆಗಾರ ತಿಳಿಯಲಿಲ್ಲ.

ಇಲ್ಲಿ ಪಂಡಿತರ ಮುಂದೆ ಒಂದು ತೊಡಕಿನ ಪ್ರಶ್ನೆಯನ್ನಿಡಬೇಕಾಗಿದೆ. ಹೊಯ್ಸಳರ ಮೂಲಕಥೆಯಲ್ಲಿಯೂ ಮುನಿಯ ಹೆಸರು ಸುದತ್ತನೇ. ಸೊಸೆವೂರಿನಲ್ಲಿ ಮೇಲೆ ಬಿದ್ದ ಹುಲಿಯನ್ನು ಹೊಡೆಯೆಂದು ಸಳನಿಗೆ ಹೇಳಿದವನು ಜೈನ ಮುನಿ. ನಾಯಿಗಳನ್ನು ಬಾಗಿಸಿದ ಸುದತ್ತನೆಲ್ಲಿ, ಹುಲಿಯನ್ನು ಹೊಡೆಯಿಸಿದ ಸುದತ್ತನೆಲ್ಲಿ? ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯ, ಸಂಕಲ್ಪೀ ಹಿಂಸೆ ಮಾತ್ರ ತ್ಯಾಜ್ಯವೆಂಬ ವಿವೇಚನೆಯಿಂದ ಸಳನನ್ನು ಸಮರ್ಥಿಸಬಹುದು. ಮಹಾವ್ರತಿಯ ಬಾಯಿಯಿಂದ ಆ ಮಾತು ಹೊರಟಿತೆಂಬುದನ್ನು ಸಮರ್ಥಿಸಲು ಅದು ಸಾಲದು. ಶಾಸನಗಳಲ್ಲಿ ಮುನಿಯ ಹೆಸರೂ ವಿವರಗಳೂ ಒಂದೇ ರೀತಿಯಾಗಿಲ್ಲ. ವಂಶದ ಹೆಸರಿಗೆ ಅರ್ಥ ಹೇಳಲು ಹುಟ್ಟಿದ ರಾಜಕಥೆಯಿದು, ಆಚಾರಕ್ಕೆ ಪ್ರಮಾಣವಲ್ಲವೆಂದು ತಿಳಿಯುವುದೇ ಯುಕ್ತವೆಂದು ತೋರುತ್ತದೆ. ಮುನಿಯು ಕೊಟ್ಟದ್ದು ಬೇಟೆಯ ಆಯುಧವಲ್ಲ, ಬರಿಯ ಸೆಳೆಯೆಂದು ಕೆಲವು ಶಾಸನಗಳು ಹೇಳುತ್ತವೆ. ಬರೆದವರಿಗೂ ಆ ಸಂಕೋಚ ಇದ್ದಿರಬೇಕು.

ಆತಕೂರಿನ ಶಾಸನ (ಶಕ 872, ಕ್ರಿ. ಶ. 949–50) ಈ ಸಂಕೋಚವನ್ನು ಬಚ್ಚಿಡುವುದಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂದರ್ಭದಲ್ಲಿ ಮೆರೆದ ಮಣಲೇರನು, ಗಂಗ ಬೂತುಗನಿಂದ ಮೆಚ್ಚುಗೊಡೆಯಾಗಿ ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕೆಲಲೆ ನಾಡಿನ ಬೆಳತೂರಿನ ಬೆಟ್ಟದಲ್ಲಿ ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿಯನ್ನುಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವನ್ನು ಹೊರುವನೆಂದು ಶಾಸನದ ಕಟ್ಟಳೆ. ಬಸದಿಯ ಶಾಸನವಲ್ಲ ಇದು, ಶಿವಾಲಯದ್ದು. ನಾಯಿಯ ಕೀರ್ತಿಗೆ ಕಲ್ಲು ನೆಟ್ಟವರೇ ಅದು ಪಾಪ ಮಾಡಿತ್ತೆಂದು ಒಪ್ಪಿಕೊಂಡಿದ್ದಾರೆ.

ನಾಯಿಯನ್ನು ಕೊಟ್ಟ ಬೂತುಗನ ಮಗ ಮಾರಸಿಂಹನು ಸು. 974ರಲ್ಲಿ ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದುದನ್ನು ಶ್ರವಣಬೆಳ್ಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ತಿಳಿಸುತ್ತದೆ. ಬೇಟೆಯ ಕಲ್ಲೂ ಸಲ್ಲೇಖನದ ಕಂಬವೂ ಒಂದೇ ಮನೆತನದ ಎರಡು ತಲೆಮಾರುಗಳೊಳಗಿನವು.

ಕೊನೆಯದಾಗಿ ಸಂಪಾದಕರಲ್ಲಿ ಒಂದು ಅರಿಕೆ. ಪ್ರಣಯವಾಚಕವಾದ ಬೇಟವೂ ಮೃಗಯಾವಾಚಕವಾದ ಬೇಂಟೆಯೂ ಬೇರೆ ಬೇರೆ. ಸೊನ್ನೆ ಬಿದ್ದುಹೋದ ಓಲೆಗಳಲ್ಲಿ ಬೇಟಕಾರನು ಬೇಟೆಕಾರನಾಗುವುದಕ್ಕೂ ಬೇಟೆಕಾರನು ಬೇಟಕಾರನಾಗುವುದಕ್ಕೂ ಒಂದು ಗೀರಿನ ಅಂತರವಷ್ಟೆ. ಸೋಹು, ದೀಹಗಳಂತಹ ಶಬ್ದಗಳನ್ನು ಅರ್ಥವಾಗದೆ ತಿದ್ದುವ ಮೊದಲು ಮಲೆನಾಡಿನ ಹಿರಿಯರನ್ನೊಮ್ಮೆ ಕೇಳಿ ನೋಡುವುದು ಒಳಿತು. ಕೋವಿ ಹಿಡಿದ ಕೈಗಳು ಈಗ ಬಹುಮಟ್ಟಿಗೆ ಇಲ್ಲವಾದರೂ ಆ ಮಾತುಗಳನ್ನು ಕೇಳಿ ಬೆಳೆದ ಕಿವಿಗಳು ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಇನ್ನೂ ದೊರೆಯುತ್ತವೆ.